ಲಂಡನ್ನಿನಲ್ಲಿ ಹೆಂಗಸರ ಓಟಿನ ಜಾಡು ಹಿಡಿದು ಎರಡು ಗಂಟೆ ನಡಿಗೆ: ಹೋಗಬಹುದಾ?

ಮೊದಲೇ ಹೇಳಿಬಿಡುತ್ತೇನೆ, 5ಕ್ಕೆ ನಾನು ಕೊಡುವುದು 3. ಹೋಗಬೇಡಿ ಅಂತಲ್ಲ, ಖಂಡಿತ ಹೋಗಿ. ಆದರೆ ಗೈಡ್ ಓಡಿಸಿಕೊಂಡು ಹೋದ ಭಾಗವೇ ಈ ಕಥೆಯ ಜೀವ. ಅದನ್ನು ಸ್ವಲ್ಪ ತಿಳಿದುಕೊಂಡು ಹೋದರೆ ಕೊಟ್ಟ ದುಡ್ಡು ದಂಡ ಆಗುವುದಿಲ್ಲ.

ಅಮ್ಮ ಊರಿಂದ ಬಂದಿದ್ದಾರೆ. ನಾನು ಲಂಡನ್ ಹತ್ತಿರದ ರೆಡಿಂಗ್‌ಗೆ ಬಂದು 9 ವರ್ಷ ಆಯಿತು. ಅವರು ಬರುವುದು ಇದು ಎರಡನೇ ಸಲ. ಹೋದ ಸಲ ಲಂಡನ್ ಐ, ಬಕಿಂಗ್‌ಹ್ಯಾಮ್ ಅರಮನೆ ಎಲ್ಲ ತೋರಿಸಿ ಆಗಿದೆ. ಈ ಸಲ ಅವರಿಗೆ ಇಷ್ಟ ಆಗುವಂಥದ್ದು ಏನಾದರೂ ಬೇಕಿತ್ತು. ಅಮ್ಮ ಪುತ್ತೂರು ಕಡೆ ಸರ್ಕಾರಿ ಶಾಲೆಯಲ್ಲಿ 34 ವರ್ಷ ಟೀಚರ್ ಆಗಿದ್ದವರು, ಎಲೆಕ್ಷನ್ ಡ್ಯೂಟಿ ಎಷ್ಟು ಸಲ ಮಾಡಿದ್ದಾರೋ ಲೆಕ್ಕವೇ ಇಲ್ಲ. ಮಸ್ಟರಿಂಗ್ ಸೆಂಟರಿನಿಂದ ಪೆಟ್ಟಿಗೆ ಹಿಡಿದುಕೊಂಡು ಬಸ್ಸು ಹತ್ತಿ, ಗೊತ್ತಿಲ್ಲದ ಊರಿನ ಶಾಲೆಯ ಬೆಂಚಿನ ಮೇಲೆ ರಾತ್ರಿ ಮಲಗಿ, ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಣ್ಣೀರಲ್ಲಿ ಮುಖ ತೊಳೆದು ಕೂತವರು. ಹಾಗಾಗಿ ಹೆಂಗಸರು ಓಟಿಗಾಗಿ ಹೋರಾಡಿದ ಜಾಗಗಳನ್ನೆಲ್ಲ ಸುತ್ತಿಸುತ್ತಾರೆ ಅಂತ ಗೊತ್ತಾದ ಕೂಡಲೇ ಎರಡು ಟಿಕೆಟ್ ಬುಕ್ ಮಾಡಿದೆ. ತಲೆಗೆ 18 ಪೌಂಡ್. ಕಂಪನಿಯ ಹೆಸರು ಹಾಕುವುದಿಲ್ಲ, ಸಣ್ಣ ಕಂಪನಿ, ಇಂಥ ನಡಿಗೆ ನಡೆಸುವವರು ಬೇರೆಯವರೂ ಇದ್ದಾರೆ. ನಾನು ಹೇಳುವುದು ಎಲ್ಲರಿಗೂ ಉಪಯೋಗಕ್ಕೆ ಬಂದೀತು.

ಶನಿವಾರ ಹತ್ತೂವರೆಗೆ ವೆಸ್ಟ್‌ಮಿನ್‌ಸ್ಟರ್ ಸ್ಟೇಷನ್ ಹೊರಗೆ ಸೇರಿದೆವು. 12 ಜನ ಅಂತ ಬುಕ್ ಮಾಡುವಾಗ ಹೇಳಿದ್ದರು, ಅಲ್ಲಿ ನೋಡಿದರೆ 24 ಜನ. ಕಿವಿಗೆ ಹಾಕಿಕೊಳ್ಳಲು ಒಂದು ಇಯರ್‌ಫೋನ್ ಕೊಟ್ಟರು. ಬಸ್ಸು ಹೋದಾಗೆಲ್ಲ ಅದರಲ್ಲಿ ಕರಕರ ಸದ್ದು. ಅಮ್ಮನದ್ದು ಅರ್ಧ ದಾರಿಯಲ್ಲಿ ಪೂರ್ತಿ ಬಂದ್. ಕೇಳಿದರೆ ಬೇರೆ ಇಲ್ಲ ಅಂದರು. ಹಾಗಾಗಿ ಉಳಿದದ್ದನ್ನೆಲ್ಲ ನಾನು ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಒಂದು ಲೆಕ್ಕದಲ್ಲಿ ಅದೇ ಒಳ್ಳೆಯದಾಯಿತು.

ಮೊದಲು ನಿಲ್ಲಿಸಿದ್ದು ಪಾರ್ಲಿಮೆಂಟ್ ಸ್ಕ್ವೇರಿನಲ್ಲಿ, ಓಟಿನ ಹೋರಾಟದ ಮುಂದಾಳು ಮಿಲಿಸೆಂಟ್ ಫಾಸೆಟ್ ಪ್ರತಿಮೆ ಎದುರು. ಈ ಚೌಕದಲ್ಲಿ ಚರ್ಚಿಲ್ ಇದ್ದಾರೆ, ಮಂಡೇಲಾ ಇದ್ದಾರೆ, ನಮ್ಮ ಗಾಂಧೀಜಿ ಇದ್ದಾರೆ. ಒಟ್ಟು 11 ಗಂಡಸರ ಪ್ರತಿಮೆ ಇತ್ತು, ಒಂದೂ ಹೆಂಗಸಿನದ್ದು ಇರಲಿಲ್ಲ. ಫಾಸೆಟ್ 12ನೆಯವರು, ನಿಲ್ಲಿಸಿದ್ದು 2018ರ ಏಪ್ರಿಲ್‌ನಲ್ಲಿ. ಅಂದರೆ ಮೊನ್ನೆ ಮೊನ್ನೆ! ಕೈಯಲ್ಲಿ ಒಗೆದ ಬಟ್ಟೆ ಒಣಗಲು ಹಿಡಿದ ಹಾಗೆ ಒಂದು ಬಟ್ಟೆ, ಅದರ ಮೇಲೆ ಅವರದೇ ಮಾತು. ಒಬ್ಬರ ಧೈರ್ಯ ಎಲ್ಲ ಕಡೆಯ ಧೈರ್ಯವನ್ನು ಕರೆಯುತ್ತದೆ ಅನ್ನುವ ಅರ್ಥದ್ದು. ಗೈಡ್ ಅಷ್ಟು ಹೇಳಿ ಮುಂದೆ ಹೊರಟರು. ನೀವು ಹೋದರೆ ಹಾಗೆ ಮಾಡಬೇಡಿ. ಬಗ್ಗಿ ಪೀಠವನ್ನು ನೋಡಿ. ಸುತ್ತಲೂ 59 ಜನರ ಮುಖ, ಹೆಸರು ಇವೆ. ಅದರಲ್ಲಿ ಸೋಫಿಯಾ ದುಲೀಪ್ ಸಿಂಗ್ ಇದ್ದಾರೆ, ಲೋಲಿತಾ ರಾಯ್ ಇದ್ದಾರೆ. ಸೋಫಿಯಾ ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗ್ ಮಗಳು, ವಿಕ್ಟೋರಿಯಾ ರಾಣಿಯೇ ಆಕೆಗೆ ಗಾಡ್‌ಮದರ್. ರಾಣಿ ಇರಲು ಕೊಟ್ಟ ಮನೆ ಹ್ಯಾಂಪ್ಟನ್ ಕೋರ್ಟ್ ಅರಮನೆಯ ಬಳಿ. ಆ ಅರಮನೆಯ ಗೇಟಿನ ಹೊರಗೆ ಆಕೆ ಹೋರಾಟದ ಪತ್ರಿಕೆ ಹಿಡಿದುಕೊಂಡು ಮಾರುತ್ತಾ ನಿಂತಿದ್ದರು. ಓಟು ಇಲ್ಲದ ಮೇಲೆ ತೆರಿಗೆ ಯಾಕೆ ಕಟ್ಟಬೇಕು ಅಂತ ಕಟ್ಟದೇ ಇದ್ದದ್ದಕ್ಕೆ ಅಧಿಕಾರಿಗಳು ಬಂದು ವಜ್ರದ ಉಂಗುರ ಜಪ್ತಿ ಮಾಡಿಕೊಂಡು ಹೋಗಿ ಹರಾಜು ಹಾಕಿದರು. ಅಮ್ಮ ಕನ್ನಡಕ ಸರಿಮಾಡಿಕೊಂಡು ಆ ಮುಖ ಎಲ್ಲಿದೆ ಅಂತ ಪೀಠಕ್ಕೆ ಒಂದು ಸುತ್ತು ಬಂದರು. ಅಷ್ಟರಲ್ಲಿ ಗುಂಪು ಸಿಗ್ನಲ್ ದಾಟಿ ಆಚೆ ಹೋಗಿ ಆಗಿತ್ತು.

ಗೈಡ್ ಬಗ್ಗೆ ನ್ಯಾಯವಾಗಿ ಹೇಳಬೇಕು. ವಯಸ್ಸಾದ ಹೆಂಗಸು, ಒಳ್ಳೆಯ ದನಿ, ಕಥೆ ಹೇಳಲು ಬರುತ್ತದೆ. ಕ್ಯಾಕ್ಸ್‌ಟನ್ ಹಾಲ್ ಹತ್ತಿರ ಒಂದು ಸಣ್ಣ ತೋಟ ಇದೆ, ಅಲ್ಲಿ ಸುರುಳಿ ಬಿಚ್ಚಿದ ಕಾಗದದ ಆಕಾರದಲ್ಲಿ ಒಂದು ಸ್ಮಾರಕ. ಆ ಹಾಲಿನಲ್ಲಿ ಹೆಂಗಸರು ತಮ್ಮದೇ ಪಾರ್ಲಿಮೆಂಟ್ ಅಂತ ಸಭೆ ಸೇರಿ, ಅಲ್ಲಿಂದ ನಿಜವಾದ ಪಾರ್ಲಿಮೆಂಟಿಗೆ ಮೆರವಣಿಗೆ ಹೋಗುತ್ತಿದ್ದರು. 1910 ನವೆಂಬರ್ 18ರಂದು ಹೀಗೇ ಸುಮಾರು 300 ಹೆಂಗಸರು ಹೊರಟರು. ಪೊಲೀಸರು ಕೂಡಲೇ ಬಂಧಿಸಲಿಲ್ಲ. ಆರು ಗಂಟೆ ಹೊತ್ತು ಹೊಡೆದರು, ನೆಲಕ್ಕೆ ಕೆಡವಿದರು, ಮೈಮೇಲೆ ಕೈ ಹಾಕಿದರು. ಸೋಫಿಯಾ ಆವತ್ತು ಮುಂದಿನ ಸಾಲಿನಲ್ಲೇ ಇದ್ದರು. ಇದನ್ನು ಗೈಡ್ ಹೇಳುವಾಗ 24 ಜನರಲ್ಲಿ ಒಬ್ಬರೂ ಮಾತಾಡಲಿಲ್ಲ. ಕರಕರ ಇಯರ್‌ಫೋನಿನಲ್ಲೂ ಮನಸ್ಸಿಗೆ ನಾಟಿತು. ಜೈಲಿನಲ್ಲಿ ಉಪವಾಸ ಕೂತವರಿಗೆ ಮೂಗಿನಲ್ಲಿ ನಳಿಕೆ ತೂರಿಸಿ ಊಟ ಸುರಿದದ್ದು, 1913ರಲ್ಲಿ ಡರ್ಬಿ ಕುದುರೆ ರೇಸಿನಲ್ಲಿ ರಾಜನ ಕುದುರೆಗೆ ಅಡ್ಡ ಹೋಗಿ ಎಮಿಲಿ ಡೇವಿಸನ್ ಸತ್ತದ್ದು, ಎಲ್ಲವನ್ನೂ ಸಮಾಧಾನವಾಗಿ ಹೇಳಿದರು. ಈ ಭಾಗಕ್ಕೆ ಪೂರ್ತಿ ಅಂಕ.

ಡೌನಿಂಗ್ ಸ್ಟ್ರೀಟ್ ಗೇಟಿನ ಎದುರು ಅಮ್ಮನಿಗೆ ನಾನು ಒಂದು ಸಂಗತಿ ಹೇಳಿದೆ, ಗೈಡ್ ಹೇಳಿದ್ದಲ್ಲ. ಆ 1910ರ ನವೆಂಬರಿನಲ್ಲೇ ಇಲ್ಲಿ ಕಲ್ಲು ಹೊಡೆದು ಹಾಲೊವೇ ಜೈಲಿಗೆ ಹೋದವರಲ್ಲಿ ಮಾರ್ಗರೆಟ್ ಕಸಿನ್ಸ್ ಅಂತ ಒಬ್ಬರು ಐರಿಶ್ ಹೆಂಗಸು ಇದ್ದರು. ಐದು ವರ್ಷದ ನಂತರ ಅವರು ಇಂಡಿಯಾಕ್ಕೆ ಬಂದರು. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಆನಿ ಬೆಸೆಂಟ್ ಮೊದಲಾದವರ ಜೊತೆ ಸೇರಿ ಮಹಿಳಾ ಸಂಘ ಕಟ್ಟಿದರು. ಅದೇ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳಾಗಿ ಹೆಂಗಸರ ಒಂದು ನಿಯೋಗ ಇಂಡಿಯಾದ ಆಡಳಿತ ನೋಡಿಕೊಳ್ಳುತ್ತಿದ್ದ ಬ್ರಿಟಿಷ್ ಮಂತ್ರಿ ಮಾಂಟೆಗು ಸಾಹೇಬನನ್ನು ಕಂಡು ನಮಗೂ ಓಟು ಕೊಡಿ ಅಂತ ಕೇಳಿತಲ್ಲ, ಅದರ ಹಿಂದೆ ಇದ್ದದ್ದು ಇವರೇ. 1919-20ರಲ್ಲಿ ಅವರು ಇದ್ದದ್ದು ಎಲ್ಲಿ ಗೊತ್ತಾ? ಮಂಗಳೂರಿನಲ್ಲಿ, ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮುಖ್ಯಸ್ಥೆಯಾಗಿ.

"ನಮ್ಮ ಮಂಗಳೂರಾ? ಎಂತ ಮಾರಾಯ್ತಿ, ಇಷ್ಟು ವರ್ಷ ನಮಗೆ ಯಾರೂ ಹೇಳಲೇ ಇಲ್ಲವಲ್ಲ!" ಅಂದರು ಅಮ್ಮ, ಸ್ವಲ್ಪ ಜೋರಾಗೇ. ಪಕ್ಕದವರು ತಿರುಗಿ ನೋಡಿದರು. ಮುಂದೆ 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಲ್ಲಿಸಿದ್ದೂ ಇದೇ ಕಸಿನ್ಸ್. ಆಗ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಕಮಲಾದೇವಿ ಸ್ವಲ್ಪದರಲ್ಲಿ ಸೋತರು. ಅಮ್ಮನಿಗೆ ಕಮಲಾದೇವಿ ಗೊತ್ತು, ಚುನಾವಣೆಗೆ ನಿಂತದ್ದು ಗೊತ್ತಿರಲಿಲ್ಲ.

ಈಗ ನನ್ನ ದೊಡ್ಡ ತಕರಾರಿಗೆ ಬರುತ್ತೇನೆ. ಯುದ್ಧ.

ವೈಟ್‌ಹಾಲ್ ರಸ್ತೆಯ ಮಧ್ಯೆ ಯುದ್ಧದಲ್ಲಿ ಸತ್ತವರ ಸ್ಮಾರಕ ಇದೆ, ಸೆನೊಟಾಫ್. ಅದರ ಎದುರು ನಿಲ್ಲಿಸಿ ಗೈಡ್ ಹೇಳಿದ್ದು ಇಷ್ಟು: 1914ರಲ್ಲಿ ಯುದ್ಧ ಬಂತು, ಹೋರಾಟ ನಿಂತಿತು, ಗಂಡಸರು ಯುದ್ಧಕ್ಕೆ ಹೋದರು, ಹೆಂಗಸರು ಕಾರ್ಖಾನೆಯಲ್ಲಿ ದುಡಿದು ತಮ್ಮ ಯೋಗ್ಯತೆ ತೋರಿಸಿದರು, ಅದಕ್ಕೆ ದೇಶ ಕೃತಜ್ಞತೆಯಿಂದ 1918ರಲ್ಲಿ ಓಟು ಕೊಟ್ಟಿತು. ಆಯಿತು, ಮುಂದೆ ಹೋಗೋಣ. ನಾಲ್ಕು ವರ್ಷದ ಯುದ್ಧ ನಾಲ್ಕೇ ನಿಮಿಷ. ಎಲ್ಲ ಕಡೆ ಹೀಗೇ ಹೇಳುತ್ತಾರೆ, ಕೇಳಲು ಚೆನ್ನಾಗಿದೆ. ಆದರೆ ಇದು ಅರ್ಧ ಸತ್ಯ, ಉಳಿದರ್ಧ ಬಿಟ್ಟರೆ ಆ ಹುಡುಗಿಯರಿಗೆ ಅನ್ಯಾಯ ಮಾಡಿದ ಹಾಗೆ.

ಆ ಹುಡುಗಿಯರು ಮಾಡಿದ ಕೆಲಸ ಎಂಥದ್ದು ಅಂತ ಸ್ವಲ್ಪ ನೋಡಿ. ಮದ್ದುಗುಂಡಿನ ಕಾರ್ಖಾನೆಯಲ್ಲಿ ಶೆಲ್ಲಿಗೆ ಟಿಎನ್‌ಟಿ ಅನ್ನುವ ಸ್ಫೋಟಕ ತುಂಬಬೇಕು. ಅದರ ಪುಡಿ ತಾಗಿ ತಾಗಿ ಮುಖ, ಕೈ ಹಳದಿ ಆಗುತ್ತಿತ್ತು, ಕೂದಲಿನ ಬಣ್ಣ ಬದಲಾಗುತ್ತಿತ್ತು. ಅರಿಶಿನ ಹಚ್ಚಿಕೊಂಡ ಹಾಗೆ ಅಂತ ನಮಗೆ ಅನಿಸಬಹುದು, ಆದರೆ ಇದು ಲಿವರ್ ಹಾಳಾಗಿ ಬರುವ ಹಳದಿಯೂ ಹೌದು, ಅದರಲ್ಲಿ ಸತ್ತವರೂ ಇದ್ದಾರೆ. ಜನ ಅವರಿಗೆ ಕ್ಯಾನರಿ ಹಕ್ಕಿಗಳು ಅಂತ ಹೆಸರಿಟ್ಟರು. ಬಸುರಿಯಾಗಿ ಅಲ್ಲಿ ದುಡಿದ ಕೆಲವರಿಗೆ ಹುಟ್ಟಿದ ಮಕ್ಕಳೂ ಹಳದಿ. ಕೆಲಸಕ್ಕೆ ಹೋಗುವಾಗ ಉಂಗುರ, ಹೇರ್‌ಪಿನ್ ಎಲ್ಲ ತೆಗೆದಿಡಬೇಕು, ಒಂದು ಕಿಡಿ ಹಾರಿದರೆ ಮುಗಿಯಿತು. ಲೀಡ್ಸ್ ಹತ್ತಿರದ ಬಾರ್ನ್‌ಬೋ ಕಾರ್ಖಾನೆಯಲ್ಲಿ 1916 ಡಿಸೆಂಬರ್ 5ರ ರಾತ್ರಿ ಪಾಳಿಯಲ್ಲಿ ಹಾಗೇ ಆಯಿತು, 35 ಹೆಂಗಸರು ಸತ್ತರು. ಯುದ್ಧ ಮುಗಿಯುವವರೆಗೆ ಆ ಸುದ್ದಿಯನ್ನು ಹೊರಗೆ ಬಿಡಲಿಲ್ಲ. ಲಂಡನ್ನಿನಲ್ಲೇ ಸಿಲ್ವರ್‌ಟೌನ್ ಅನ್ನುವಲ್ಲಿ 1917 ಜನವರಿಯಲ್ಲಿ ಟಿಎನ್‌ಟಿ ಕಾರ್ಖಾನೆ ಹಾರಿಹೋಗಿ 73 ಜನ ಸತ್ತರು. ಇದರಲ್ಲಿ ಒಂದನ್ನೂ ಗೈಡ್ ಹೇಳಲಿಲ್ಲ.

ಸರಿ, ಇಷ್ಟೆಲ್ಲ ಮಾಡಿದವರಿಗೆ 1918ರಲ್ಲಿ ಓಟು ಸಿಕ್ಕಿತಾ? ಹೆಚ್ಚಿನವರಿಗೆ ಸಿಗಲಿಲ್ಲ! ಕಾನೂನು ಓಟು ಕೊಟ್ಟದ್ದು 30 ವರ್ಷ ತುಂಬಿದ ಹೆಂಗಸರಿಗೆ. ಅದರಲ್ಲೂ ಎಲ್ಲರಿಗಲ್ಲ, ಮನೆಯೋ ಆಸ್ತಿಯೋ ತನ್ನ ಹೆಸರಿನಲ್ಲಿರಬೇಕು, ಇಲ್ಲ ಅಂಥವನ ಹೆಂಡತಿಯಾಗಿರಬೇಕು, ಅಥವಾ ಡಿಗ್ರಿ ಮಾಡಿರಬೇಕು. ಶೆಲ್ ತುಂಬಿದ ಹುಡುಗಿಯರಲ್ಲಿ ಬಹಳಷ್ಟು ಜನ ಇಪ್ಪತ್ತರ ಆಸುಪಾಸಿನವರು. ಅಪ್ಪ ಅಮ್ಮನ ಮನೆಯಲ್ಲಿ ಇದ್ದವರು, ಹಾಸ್ಟೆಲಿನಲ್ಲಿ ಇದ್ದವರು, ದೊಡ್ಡವರ ಮನೆಯಲ್ಲೇ ಉಳಿದು ಮನೆಕೆಲಸ ಮಾಡಿಕೊಂಡಿದ್ದವರು, ಇವರು ಯಾರೂ ಲೆಕ್ಕಕ್ಕಿಲ್ಲ. ಅದೇ ಗಂಡಸರಿಗೆ 21, ಯುದ್ಧಕ್ಕೆ ಹೋದವನಾದರೆ 19 ಸಾಕು. ಯಾಕೆ 30? ಯುದ್ಧದಲ್ಲಿ 7 ಲಕ್ಷಕ್ಕೂ ಹೆಚ್ಚು ಬ್ರಿಟಿಷ್ ಗಂಡಸರು ಸತ್ತಿದ್ದರು. ಸಮಾನವಾಗಿ ಕೊಟ್ಟರೆ ಓಟರ್ ಪಟ್ಟಿಯಲ್ಲಿ ಹೆಂಗಸರೇ ಜಾಸ್ತಿ ಆಗುತ್ತಾರೆ ಅನ್ನುವ ಹೆದರಿಕೆ.

ಹಾಗಾದರೆ ಯುದ್ಧದಿಂದ ಏನೂ ಆಗಲಿಲ್ಲವಾ ಅಂತ ಕೇಳಬಹುದು. ಆಯಿತು, ಬೇರೆ ದಾರಿಯಿಂದ. ಆಗಿನ ಇಂಗ್ಲೆಂಡಿನಲ್ಲಿ ಗಂಡಸರಿಗೂ ಎಲ್ಲರಿಗೂ ಓಟು ಇರಲಿಲ್ಲ, ಸುಮಾರು 10ರಲ್ಲಿ 6 ಜನಕ್ಕೆ ಮಾತ್ರ. ಒಂದೇ ವಿಳಾಸದಲ್ಲಿ 12 ತಿಂಗಳು ಇರಬೇಕು ಅನ್ನುವ ನಿಯಮ ಬೇರೆ. ಈಗ ಯೋಚನೆ ಮಾಡಿ, ಫ್ರಾನ್ಸಿನ ಕಂದಕದಲ್ಲಿ ಎರಡು ವರ್ಷ ಕೆಸರಿನಲ್ಲಿ ನಿಂತ ಸೈನಿಕ ವಾಪಸ್ ಬಂದರೆ ಅವನಿಗೇ ಓಟಿಲ್ಲ. ಕಾರ್ಖಾನೆ ಕೆಲಸಕ್ಕೆ ಅಂತ ಊರು ಬಿಟ್ಟು ಹೋದವನಿಗೂ ಇಲ್ಲ. ಚುನಾವಣೆ ನಡೆಸಬೇಕಾದರೆ ಈ ಪಟ್ಟಿ ಇಟ್ಟುಕೊಂಡು ಆಗುವುದಿಲ್ಲ, ಕಾನೂನನ್ನು ಬಿಚ್ಚಲೇಬೇಕು. ಒಮ್ಮೆ ಬಿಚ್ಚಿದ ಮೇಲೆ ಫಾಸೆಟ್ ಅವರ ಕಡೆಯವರು ಬಿಡುತ್ತಾರಾ? 1866ರಲ್ಲಿ ಸಹಿ ಹಾಕಿದ ಮೊದಲ ದೊಡ್ಡ ಅರ್ಜಿಯಿಂದ ಲೆಕ್ಕ ಹಾಕಿದರೆ 50 ವರ್ಷದಿಂದ ಬಾಗಿಲು ತಟ್ಟುತ್ತಾ ನಿಂತವರು ಅವರು. ನಮ್ಮನ್ನು ಬಿಟ್ಟು ಸೈನಿಕನ ಮಸೂದೆ ಒಂದನ್ನೇ ತಂದರೆ ಒಪ್ಪುವುದಿಲ್ಲ ಅಂದರು. ಯುದ್ಧ ಮುಗಿದ ಕೂಡಲೇ ಆ ಹಳೆಯ ಹೋರಾಟ, ಬಂಧನ, ಉಪವಾಸ ಮತ್ತೆ ಶುರುವಾದರೆ ಏನು ಗತಿ ಅನ್ನುವ ಭಯ ಸರ್ಕಾರಕ್ಕೂ ಇತ್ತು. ಸ್ಪೀಕರ್ ಅಧ್ಯಕ್ಷತೆಯಲ್ಲಿ ಎಲ್ಲ ಪಕ್ಷದವರ ಸಮಿತಿ ಕೂತಿತು, 1917 ಜೂನ್‌ನಲ್ಲಿ ಪಾರ್ಲಿಮೆಂಟಿನ ಕೆಳಮನೆಯಾದ ಕಾಮನ್ಸ್ ಸಭೆ 385ಕ್ಕೆ 55 ಓಟಿನಿಂದ ಹೆಂಗಸರ ಭಾಗವನ್ನು ಒಪ್ಪಿತು.

ಮೇಲ್ಮನೆಯಾದ ಲಾರ್ಡ್ಸ್ ಸಭೆಯಲ್ಲಿ ಏನಾಯಿತು ಅನ್ನುವುದು ನಮಗೆ ಕೇಳಲೇಬೇಕಾದ ಕಥೆ. ಹೆಂಗಸರಿಗೆ ಓಟು ಕೊಡಬಾರದು ಅನ್ನುವ ಸಂಘಕ್ಕೆ ಆಗ ಅಧ್ಯಕ್ಷ ಯಾರು ಅಂದುಕೊಂಡಿರಿ? ಬಂಗಾಳವನ್ನು ಒಡೆದ ಲಾರ್ಡ್ ಕರ್ಜನ್! ಅವನೇ ಎದ್ದು ನಿಂತು, ಇಷ್ಟು ದೊಡ್ಡ ಬಹುಮತದ ಕಾಮನ್ಸ್ ಜೊತೆ ನಾವು ಜಗಳಕ್ಕೆ ನಿಂತರೆ ನಮಗೇ ಕಷ್ಟ, ನಾನು ಯಾವ ಕಡೆಗೂ ಓಟು ಹಾಕುವುದಿಲ್ಲ ಅನ್ನುವ ಅರ್ಥದಲ್ಲಿ ಮಾತಾಡಿದ. ಅಲ್ಲಿಗೆ ವಿರೋಧದ ಬೆನ್ನುಮೂಳೆ ಮುರಿಯಿತು. 134ಕ್ಕೆ 71. ಫೆಬ್ರವರಿ 6ಕ್ಕೆ ಕಾನೂನಾಯಿತು. ಓಟರುಗಳು 77 ಲಕ್ಷದಿಂದ 2 ಕೋಟಿ 14 ಲಕ್ಷಕ್ಕೆ ಏರಿದರು, ಅದರಲ್ಲಿ 84 ಲಕ್ಷ ಹೆಂಗಸರು. ಒಂದೇ ಏಟಿಗೆ ದೇಶ ಮಗ್ಗುಲು ಬದಲಾಯಿಸಿತು ಅಂದರೆ ಹೆಚ್ಚಲ್ಲ.

ಇಷ್ಟನ್ನೂ ನಾನು ಅಮ್ಮನಿಗೆ ಹೇಳಿದ್ದು ವಿಕ್ಟೋರಿಯಾ ಟವರ್ ಗಾರ್ಡನ್ಸ್‌ನ ಬೆಂಚಿನ ಮೇಲೆ ಕೂತು, ಮೊಸರನ್ನದ ಡಬ್ಬಿ ಬಿಚ್ಚಿಕೊಂಡು. ನಡಿಗೆ ಅಲ್ಲಿಗೆ ಮುಗಿಯುತ್ತದೆ, ಪಾರ್ಲಿಮೆಂಟಿನ ಪಕ್ಕದಲ್ಲಿ, ಕಲ್ಲು ಹೊಡೆದು ಜೈಲಿಗೆ ಹೋಗುತ್ತಿದ್ದ ಹೋರಾಟಗಾರ್ತಿಯರ ನಾಯಕಿ ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ಪ್ರತಿಮೆಯ ಎದುರು. ಎರಡು ಗಂಟೆಯಲ್ಲಿ ಕೂರಲು ಸಿಕ್ಕಿದ ಮೊದಲ ಜಾಗ ಅದು. ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವವರು ದಯವಿಟ್ಟು ಇದನ್ನು ಗಮನಿಸಿ. ಬುಕ್ ಮಾಡುವಾಗ ನಾನು ಕೇಳಿದ್ದೆ, ಮಧ್ಯೆ ಕೂರಿಸುತ್ತೇವೆ ಅಂದಿದ್ದರು, ಕೂರಿಸಲಿಲ್ಲ. ಅಮ್ಮ ಎರಡು ತುತ್ತು ತಿಂದು ಸುಮ್ಮನಾದರು. ಆಮೇಲೆ ಕೇಳಿದರು, "ಅಂದರೆ ಹೆಂಡತಿ ಅಂತ ಓಟು ಕೊಟ್ಟದ್ದಾ? ಅವಳು ಅಂತ ಅಲ್ಲ?"

ಹೌದಲ್ವಾ! ನಾನು ಇಷ್ಟು ಓದಿದ್ದರೂ ಅದನ್ನು ಹಾಗೆ ನೋಡಿರಲಿಲ್ಲ. ಅಮ್ಮನಿಗೆ ನೆನಪಾದದ್ದು ಊರಿನ ಓಟರ್ ಲಿಸ್ಟು. ನಮ್ಮಲ್ಲಿ 1951-52ರ ಮೊದಲ ಚುನಾವಣೆಯಲ್ಲಿ 21 ತುಂಬಿದ ಪ್ರತಿಯೊಬ್ಬರಿಗೂ, ಗಂಡು ಹೆಣ್ಣು ಅಂತ ಇಲ್ಲದೆ, ಒಂದೇ ಸಲ ಓಟು ಬಂತು. ಆದರೆ ಪಟ್ಟಿ ಬರೆಯಲು ಮನೆಗೆ ಬಂದವರಿಗೆ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲಿಲ್ಲ. ಇಂಥವರ ಹೆಂಡತಿ, ಇಂಥವರ ಮಗಳು, ಇಂಥವನ ತಾಯಿ ಅಂತ ಬರೆಸಿದರು. ಹಾಗೆ ಬರೆಸಿದ ಸುಮಾರು 28 ಲಕ್ಷ ಹೆಸರು ಪಟ್ಟಿಯಿಂದ ಬಿದ್ದು ಹೋಯಿತು, ಹೆಚ್ಚಾಗಿ ಉತ್ತರದ ಕಡೆ. ಅಮ್ಮ ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮತಗಟ್ಟೆಗೆ ಒಬ್ಬರು ಅಜ್ಜಿ ಬಂದಿದ್ದರಂತೆ. ಹೆಸರು ಕೇಳಿದರೆ ಹೇಳಲೊಲ್ಲರು, ಹಿಂದೆ ನಿಂತ ಮೊಮ್ಮಗನನ್ನು ತೋರಿಸುತ್ತಾರೆ. ಅಮ್ಮ ಎದ್ದು ಹತ್ತಿರ ಹೋಗಿ ಕಿವಿಯಲ್ಲಿ ಕೇಳಿದ ಮೇಲೆ ಮೆಲ್ಲಗೆ ಹೇಳಿದರಂತೆ. ಬೆರಳಿಗೆ ಶಾಯಿ ಹಚ್ಚುವಾಗ ಅಜ್ಜಿಯ ಕೈ ನಡುಗುತ್ತಿತ್ತು ಅಂತ ಅಮ್ಮ ತಮ್ಮ ಕೈಯನ್ನೇ ಚಾಚಿ ತೋರಿಸಿದರು.

ಮಧ್ಯಾಹ್ನ ಎರಡು ಗಂಟೆಗೆ ಪಾರ್ಲಿಮೆಂಟಿನ ಒಳಗಿನ ಟೂರ್ ಬೇರೆಯಾಗಿ ಬುಕ್ ಮಾಡಿದ್ದೆ. ಇದು ಪಾರ್ಲಿಮೆಂಟಿನವರೇ ನಡೆಸುವುದು, ಶನಿವಾರ ಸಿಗುತ್ತದೆ. ಇದಕ್ಕೆ 5ಕ್ಕೆ 5 ಕೊಡುತ್ತೇನೆ, ಎರಡು ಮಾತಿಲ್ಲ. ಏರ್‌ಪೋರ್ಟಿನ ಹಾಗೆ ತಪಾಸಣೆ ಇದೆ, ಚೀಲ ಸಣ್ಣದಿರಲಿ. ಒಳಗೆ ಹೋದ ಕೂಡಲೇ ವೆಸ್ಟ್‌ಮಿನ್‌ಸ್ಟರ್ ಹಾಲ್. ಆ 1866ರ ಅರ್ಜಿ ಬಂದದ್ದು ಇಲ್ಲಿಗೇ. 1,499 ಹೆಂಗಸರು ಸಹಿ ಹಾಕಿದ ದೊಡ್ಡ ಸುರುಳಿಯನ್ನು ಎಮಿಲಿ ಡೇವಿಸ್, ಎಲಿಜಬೆತ್ ಗ್ಯಾರೆಟ್ ಅನ್ನುವ ಇಬ್ಬರು ಹೊತ್ತು ತಂದರು. ಎಲ್ಲರೂ ನೋಡುತ್ತಾರೆ ಅಂತ ಸಂಕೋಚ ಆಗಿ ಅಲ್ಲಿ ಸೇಬು ಮಾರುತ್ತಿದ್ದವಳ ಅಂಗಡಿ ಕೆಳಗೆ ಬಚ್ಚಿಟ್ಟು, ಆಮೇಲೆ ಎಂಪಿ ಜಾನ್ ಸ್ಟುವರ್ಟ್ ಮಿಲ್ ಕೈಗೆ ಕೊಟ್ಟರು. ಈ ಎಲಿಜಬೆತ್ ಫಾಸೆಟ್ ಅವರ ಅಕ್ಕ. ಈಗ ಅದೇ ಹಾಲಿನಲ್ಲಿ, ಒಳಬಾಗಿಲಿನ ಮೇಲೆ, ಸುರುಳಿಯ ಆಕಾರದ 168 ಗಾಜಿನ ಚಕ್ರಗಳ ಒಂದು ಕಲಾಕೃತಿ ಇದೆ, ಮೇರಿ ಬ್ರ್ಯಾನ್ಸನ್ ಅನ್ನುವವರು ಮಾಡಿದ್ದು. ಥೇಮ್ಸ್ ನದಿಯ ಉಬ್ಬರ ಇಳಿತಕ್ಕೆ ತಕ್ಕ ಹಾಗೆ ಅದರ ಬೆಳಕು ಏರುತ್ತದೆ, ಇಳಿಯುತ್ತದೆ. ಸ್ವಲ್ಪ ಹೊತ್ತು ನಿಂತು ನೋಡಿ.

ಅದನ್ನು ದಾಟಿದರೆ ಸೇಂಟ್ ಸ್ಟೀಫನ್ಸ್ ಹಾಲ್. ಎರಡೂ ಬದಿ ಬಿಳಿ ಕಲ್ಲಿನ ದೊಡ್ಡ ಮನುಷ್ಯರ ಪ್ರತಿಮೆಗಳು. ಅದರಲ್ಲಿ ಫಾಕ್‌ಲ್ಯಾಂಡ್ ಅನ್ನುವವನ ಬೂಟಿನ ಹಿಮ್ಮಡಿ ನೋಡಿ. ಕುದುರೆಯನ್ನು ಚುಚ್ಚಲು ಸವಾರರು ಹಾಕಿಕೊಳ್ಳುವ ಮುಳ್ಳು ಇರುತ್ತದಲ್ಲ, ಅದು ಒಂದು ಕಾಲಿನಲ್ಲಿ ಮುರಿದಿದೆ. 1909ರಲ್ಲಿ ಒಬ್ಬ ಹೋರಾಟಗಾರ್ತಿ ತನ್ನನ್ನು ಸರಪಳಿಯಿಂದ ಈ ಪ್ರತಿಮೆಗೆ ಬಿಗಿದುಕೊಂಡಿದ್ದಳು, ಬಿಡಿಸುವ ಗಲಾಟೆಯಲ್ಲಿ ಮುರಿದದ್ದು. ಅದನ್ನು ಹಾಗೇ ಬಿಟ್ಟಿದ್ದಾರೆ. ಅಮ್ಮ ಬಗ್ಗಿ ಬಗ್ಗಿ ನೋಡಿದರು. ಹತ್ತಿರ ಇದ್ದ ಸಿಬ್ಬಂದಿ ನಕ್ಕು, ಬೆರಳು ತೋರಿಸಿ ಸರಿಯಾದ ಕಾಲು ಯಾವುದು ಅಂತ ಹೇಳಿದರು. ಇದೇ ಹಾಲಿನ ಗೋಡೆಗೆ ಅದೇ ವರ್ಷ ಮ್ಯಾರಿಯನ್ ವಾಲೇಸ್ ಡನ್‌ಲಪ್ ಅನ್ನುವ ಕಲಾವಿದೆ ಪ್ರಜೆಗಳ ಹಕ್ಕನ್ನು ಹೇಳುವ ಸಾಲುಗಳನ್ನು ಅಚ್ಚೊತ್ತಿ ಜೈಲಿಗೆ ಹೋದರು. ಜೈಲಿನಲ್ಲಿ 91 ಗಂಟೆ ಉಪವಾಸ ಮಾಡಿ ಬಿಡುಗಡೆಯಾದರು. ಅಲ್ಲಿಂದಲೇ ಈ ಹೋರಾಟಕ್ಕೆ ಉಪವಾಸ ಅನ್ನುವುದು ಬಂದದ್ದು.

ಸೆಂಟ್ರಲ್ ಲಾಬಿಯ ಕಿಟಕಿಗಳಲ್ಲಿ ಹಿತ್ತಾಳೆ ಬಣ್ಣದ ಜಾಲರಿ ಕಾಣುತ್ತದೆ. ಸುಮ್ನೆ ಅಲಂಕಾರ ಅಂದುಕೊಂಡು ಜನ ದಾಟಿ ಹೋಗುತ್ತಿದ್ದರು. ಅದು ಹೆಂಗಸರ ಗ್ಯಾಲರಿಯ ಮುಂದಿದ್ದ ಜಾಲರಿ. ಸಭೆ ನೋಡಲು ಬಂದ ಹೆಂಗಸರು ಅದರ ಹಿಂದೆಯೇ ಕೂರಬೇಕಿತ್ತು, ಗಂಡಸರ ಗಮನ ಕೆಡಬಾರದು ಅಂತ! 1908ರಲ್ಲಿ ಮ್ಯೂರಿಯಲ್ ಮ್ಯಾಟರ್ಸ್, ಹೆಲೆನ್ ಫಾಕ್ಸ್ ಇಬ್ಬರು ಅದಕ್ಕೆ ಸರಪಳಿ ಹಾಕಿ ಬೀಗ ಜಡಿದುಕೊಂಡರು. ಬೀಗ ತೆಗೆಯಲಾಗದೆ ಜಾಲರಿಯ ಸಮೇತ ಅವರನ್ನು ಹೊರಗೆ ಒಯ್ಯಬೇಕಾಯಿತು. ಪೂರ್ತಿ ತೆಗೆದದ್ದು 1917ರಲ್ಲಿ, ಓಟಿನ ಮಸೂದೆ ನಡೆಯುತ್ತಿದ್ದ ವರ್ಷವೇ. ಕಾಮನ್ಸ್ ಸಭಾಂಗಣ 1941ರಲ್ಲಿ ಬಾಂಬ್ ಬಿದ್ದು ನೆಲಸಮ ಆಯಿತು, ಈಗ ಇರುವುದು ಹೊಸತು. ಜಾಲರಿ ಉಳಿಯಿತು. ಅಮ್ಮ ಎರಡು ಕೈಯನ್ನೂ ಮುಖದ ಮುಂದೆ ಬೆರಳು ಬಿಡಿಸಿ ಹಿಡಿದು, ಅದರೊಳಗಿಂದ ನೋಡಿದರೆ ಎಷ್ಟು ಕಾಣುತ್ತದೆ ಅಂತ ನೋಡಿದರು.

ಓಟು ಬಂದ ಮೇಲೆ ದೇಶ ಏನಾಯಿತು ಅನ್ನುವುದು ಎರಡೂ ಟೂರಿನಲ್ಲಿ ಕಮ್ಮಿ. ಅದೇ ಬಹಳ ಸ್ವಾರಸ್ಯದ ಭಾಗ. 1918ರ ನವೆಂಬರಿನಲ್ಲಿ ಇನ್ನೊಂದು ಪುಟ್ಟ ಕಾನೂನು ಬಂದು, 21ಕ್ಕೇ ಹೆಂಗಸರು ಚುನಾವಣೆಗೆ ನಿಲ್ಲಬಹುದು ಅಂತಾಯಿತು. ಅಂದರೆ 25ರ ಹುಡುಗಿ ಎಂಪಿ ಆಗಬಹುದು, ತನಗೇ ಓಟು ಹಾಕಿಕೊಳ್ಳುವ ಹಾಗಿಲ್ಲ. ಆ ಡಿಸೆಂಬರಿನಲ್ಲಿ 17 ಹೆಂಗಸರು ನಿಂತರು, ಗೆದ್ದದ್ದು ಕಾನ್‌ಸ್ಟನ್ಸ್ ಮಾರ್ಕಿವಿಚ್ ಒಬ್ಬರೇ. ಐರಿಶ್ ಹೋರಾಟದವರು, ಗೆದ್ದಾಗ ಹಾಲೊವೇ ಜೈಲಿನಲ್ಲಿದ್ದರು, ಸೀಟಿನಲ್ಲಿ ಕೂರಲಿಲ್ಲ. ಮೊದಲು ಕೂತವರು 1919ರಲ್ಲಿ ನ್ಯಾನ್ಸಿ ಆಸ್ಟರ್. ಅದೇ ವರ್ಷ ಲಾಯರ್, ಮ್ಯಾಜಿಸ್ಟ್ರೇಟ್ ಆಗಲು ದಾರಿ ತೆರೆಯಿತು. 1923ರಲ್ಲಿ ವಿಚ್ಛೇದನಕ್ಕೆ ಗಂಡನಿಗೂ ಹೆಂಡತಿಗೂ ಒಂದೇ ನಿಯಮ ಅಂತಾಯಿತು, 1925ರಲ್ಲಿ ಮಕ್ಕಳನ್ನು ಯಾರು ಇಟ್ಟುಕೊಳ್ಳಬೇಕು ಅನ್ನುವ ಕಾನೂನು ಬದಲಾಯಿತು, ವಿಧವೆಯರಿಗೆ ಪಿಂಚಣಿ ಬಂತು. 84 ಲಕ್ಷ ಓಟು ಎದುರಿಗೆ ಇರುವಾಗ ಯಾವ ಎಂಪಿ ಸುಮ್ಮನೆ ಕೂತಾನು?

ಇನ್ನೊಂದು ಕಡೆ, ಅದೇ 1919ರಲ್ಲಿ ಯುದ್ಧಕ್ಕೆ ಮುಂಚಿನ ಪದ್ಧತಿಯೇ ಮತ್ತೆ ಬರಬೇಕು ಅಂತ ಕಾನೂನು ಮಾಡಿ ಕಾರ್ಖಾನೆಯ ಹೆಂಗಸರನ್ನು ಮನೆಗೆ ಕಳಿಸಿದರು. ಎಷ್ಟೋ ಊರುಗಳಲ್ಲಿ ಟೀಚರಮ್ಮಂದಿರು ಮದುವೆಯಾದರೆ ಕೆಲಸ ಬಿಡಬೇಕಿತ್ತು, ಅದು ಹೋದದ್ದು 1944ರಲ್ಲಿ. ಇದನ್ನು ಕೇಳಿ ಅಮ್ಮ ನಡೆಯುತ್ತಿದ್ದವರು ನಿಂತೇಬಿಟ್ಟರು. "ನಾನು ಇಲ್ಲಿದ್ದಿದ್ದರೆ ಮದುವೆಯ ಮಾರನೇ ದಿನ ರಾಜೀನಾಮೆಯಾ?" ಅಂದರು. 21ಕ್ಕೆ ಸಮಾನ ಓಟು ಬಂದದ್ದು 1928 ಜುಲೈ 2ಕ್ಕೆ. ಎಮ್ಮೆಲಿನ್ ಪ್ಯಾಂಕ್‌ಹರ್ಸ್ಟ್ ತೀರಿಕೊಂಡದ್ದು ಜೂನ್ 14ಕ್ಕೆ. 18 ದಿನದ ವ್ಯತ್ಯಾಸ. ಫಾಸೆಟ್ 81 ವರ್ಷಕ್ಕೆ ಬದುಕಿದ್ದು ನೋಡಿದರು, 1866ರಿಂದ ಕಾದವರು. ಮುಂದಿನ ವರ್ಷದ ಚುನಾವಣೆಯಲ್ಲಿ ಓಟರುಗಳಲ್ಲಿ ಹೆಂಗಸರೇ ಜಾಸ್ತಿ ಇದ್ದರು, ದೇಶ ಏನೂ ಮುಳುಗಲಿಲ್ಲ.

ವಾಪಸ್ ರೈಲಿನಲ್ಲಿ ಅಮ್ಮ ಕೇಳಿದರು, ಇಲ್ಲಿ ಓಟು ಹೇಗೆ ಹಾಕುತ್ತಾರೆ ಅಂತ. ಇಂಡಿಯಾ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವರು ಅಂತ ಇಲ್ಲಿ ವಾಸ ಇರುವ ನಮಗೆ ಓಟು ಉಂಟು, ಗೊತ್ತಿಲ್ಲದವರು ದಯವಿಟ್ಟು ಹೆಸರು ಸೇರಿಸಿಕೊಳ್ಳಿ. 2024 ಜುಲೈ 4ಕ್ಕೆ ನಾನು ಹಾಕಿದ್ದೆ, ನಮ್ಮ ಬೀದಿಯ ಚರ್ಚಿನ ಹಾಲಿನಲ್ಲಿ. ಶಾಯಿ ಇಲ್ಲ, ಮಷಿನ್ ಇಲ್ಲ, ದಾರ ಕಟ್ಟಿದ ಪೆನ್ಸಿಲಿನಲ್ಲಿ ಚೀಟಿಯ ಮೇಲೆ ಒಂದು ಕತ್ತರಿ ಗುರುತು.

"ಪೆನ್ಸಿಲಾ? ಯಾರಾದರೂ ಅಳಿಸಿದರೆ?" ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. ಮೈಸೂರಿನ ಶಾಯಿ ತರಿಸಿಕೊಳ್ಳಲು ಹೇಳು ಇವರಿಗೆ ಅಂದರು, ಅದೂ ಗಂಭೀರವಾಗಿ.

ಕೊನೆಗೆ ಉಪಯೋಗದ ಮಾತು. ಬೆಳಿಗ್ಗೆ ಪಾರ್ಲಿಮೆಂಟ್ ಒಳಗಿನ ಟೂರ್ ಮಾಡಿ, ಮಧ್ಯಾಹ್ನ ನಡಿಗೆ ಮಾಡಿ. ನಾವು ಉಲ್ಟಾ ಮಾಡಿದೆವು, ಕಾಲು ನೋವಿನಲ್ಲಿ ಒಳಗೆ ಹೋದರೆ ಅಲ್ಲಿನ ಹಸಿರು ಬೆಂಚಿನ ಮೇಲೆ ಕೂರಲು ಬಿಡುವುದಿಲ್ಲ. ಊಟ ಕಟ್ಟಿಕೊಂಡು ಹೋಗಿ, ಗಾರ್ಡನ್ನಿನಲ್ಲಿ ಕೂತು ತಿನ್ನಬಹುದು. ಮಳೆಗಾಲ ಬೇಸಿಗೆ ಅಂತಿಲ್ಲ, ಕೊಡೆ ಇರಲಿ. ಮಕ್ಕಳು 10 ದಾಟಿದವರಾದರೆ ಕರೆದುಕೊಂಡು ಹೋಗಿ, ಮುರಿದ ಮುಳ್ಳನ್ನು ಅವರೇ ಹುಡುಕಲಿ. ನಡಿಗೆಯ ಕಂಪನಿಗೆ ನಾನು ಬರೆದು ಕಳಿಸಿದ್ದೇನೆ, ಯುದ್ಧಕ್ಕೆ ಇನ್ನೂ 15 ನಿಮಿಷ ಕೊಡಿ, ಹಳದಿ ಮುಖದ ಹುಡುಗಿಯರ ಬಗ್ಗೆ ಹೇಳಿ, ಅವರಿಗೆ ಓಟು ಸಿಗಲಿಲ್ಲ ಅನ್ನುವುದನ್ನೂ ಹೇಳಿ ಅಂತ. ಗೈಡ್ ಅವರೇ ಉತ್ತರ ಬರೆದರು, ಸೇರಿಸುತ್ತೇನೆ ಅಂದಿದ್ದಾರೆ.

ಅಮ್ಮ ಊರಿಗೆ ಹೊರಡುವ ಮೊದಲು ಪೂರ್ವ ಲಂಡನ್ನಿನ ಬೋ ಕಡೆ ಹೋಗುವುದು ಅಂತ ಮಾಡಿದ್ದೇವೆ. ಎಮ್ಮೆಲಿನ್ ಮಗಳು ಸಿಲ್ವಿಯಾ ಯುದ್ಧವನ್ನು ವಿರೋಧಿಸಿ ತನ್ನ ಅಮ್ಮನಿಂದ ಇನ್ನೂ ದೂರ ಆಗಿ, ಅಲ್ಲಿನ ಬಡ ಹೆಂಗಸರಿಗಾಗಿ ಕಡಿಮೆ ರೇಟಿನ ಊಟದ ಮನೆ ನಡೆಸಿದ್ದರು. ಗನ್‌ಮೇಕರ್ಸ್ ಆರ್ಮ್ಸ್ ಅನ್ನುವ ಹೆಂಡದಂಗಡಿಯ ಕಟ್ಟಡ ಹಿಡಿದು ಅದನ್ನು ಕೂಸುಗಳನ್ನು ನೋಡಿಕೊಳ್ಳುವ ಮನೆ ಮಾಡಿ, ಮದರ್ಸ್ ಆರ್ಮ್ಸ್ ಅಂತ ಹೆಸರು ಬದಲಾಯಿಸಿದ್ದರು. ಅಲ್ಲಿಗೂ ಗೈಡ್ ಸಿಗುತ್ತಾರೆ ಅಂತ ಕೇಳಿದ್ದೇನೆ. ಹೋಗಿ ಬಂದು ಬರೆಯುತ್ತೇನೆ.